ದೊಡ್ಡಾಕಿ ಚೀಲದಾಗ ಐತೆ ನೋಡು

ಪ್ರಯಾಣ ಹೊರಟರೆ ನಮ್ಮ ಅತ್ತೆಯ ಬಾಯಲ್ಲಿ ಒಂದೇ ಮಾತು. ಯಾರಿಗೆ ಏನು ಬೇಕಾದರೂ, ಅವರು ಪೂರ್ತಿ ಕೇಳಿ ಮುಗಿಸುವ ಮೊದಲೇ, "ದೊಡ್ಡಾಕಿ ಚೀಲದಾಗ ಐತೆ ನೋಡು" ಅಂದುಬಿಡುತ್ತಾರೆ. ದೊಡ್ಡಾಕಿ ಅಂದರೆ ಹಿರಿಸೊಸೆಯಾದ ನಾನು. ಹುಡುಗರ ಮೊಣಕಾಲು ತರಚಿದರೆ ಅರಿಸಿನ, ಚಪ್ಪಲಿ ಕಿತ್ತರೆ ಪಿನ್ನು, ಬಸ್ಸಿನಲ್ಲಿ ಹೊಟ್ಟೆ ತೊಳೆಸಿದರೆ ನಿಂಬೆಹಣ್ಣು, ಅದೂ ಕೈಕೊಟ್ಟರೆ ದಪ್ಪನೆಯ ಪ್ಲಾಸ್ಟಿಕ್ ಕವರು. ಎಲ್ಲವೂ ನನ್ನ ಕೈಚೀಲದಲ್ಲಿ ಇರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ನೀನು ಏನು ಗಳಿಸಿದೆ ಅಂತ ಯಾರಾದರೂ ಕೇಳಿದರೆ ಆ ಒಂದು ಮಾತನ್ನು ತೋರಿಸುತ್ತೇನೆ. ನಗಬೇಡಿ, ಅದಕ್ಕಾಗಿ ನಾನು ಎಷ್ಟು ಬೆವರು ಸುರಿಸಿದ್ದೇನೆ ಅಂತ ನನಗೆ ಗೊತ್ತು.

ಆ ಮಾತಿಗೆ ಸಂಚಕಾರ ಬಂದದ್ದು ಮನೆಮಂದಿಯೆಲ್ಲ ಹಡಗಿನಲ್ಲಿ ಪ್ರವಾಸ ಹೋಗುವುದೆಂದು ನಿಶ್ಚಯವಾದಾಗ. ದೀಪಾವಳಿಗೆ ಸೇರಿದ್ದ ಮಕ್ಕಳೆಲ್ಲ ಒಟ್ಟಾಗಿ ಹಟ ಹಿಡಿದು ಒಪ್ಪಿಸಿಬಿಟ್ಟರು. ಮುಂಬೈಯಲ್ಲಿ ಹತ್ತುವುದು, ಗೋವಾ ಕಡೆ ಹೋಗಿ, ಸಮುದ್ರದ ಮೇಲೆ ಒಂದೆರಡು ದಿನ ಇದ್ದು ವಾಪಸ್ ಬರುವುದು. ನಮ್ಮ ಮನೆಯಲ್ಲಿ ಹಡಗು ಹತ್ತಿದವರು ಯಾರೂ ಇರಲಿಲ್ಲ. ಹರಿಹರದ ಸೇತುವೆಯ ಮೇಲಿಂದ ಬಸ್ಸಿನ ಕಿಟಕಿಯಲ್ಲಿ ಹೊಳೆ ನೋಡಿದ್ದೇ ನಮ್ಮ ಜಲಯಾನ. ಬಸ್ಸಿಗೆ, ರೈಲಿಗೆ, ಮದುವೆ ಛತ್ರಕ್ಕೆ ಏನೇನು ಬೇಕು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹಡಗಿಗೆ ಏನು ಬೇಕು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ.

ನನ್ನ ವಾರಗಿತ್ತಿಯ ಹತ್ತಿರ ಇತ್ತು.

ನಾವಿರುವುದು ದಾವಣಗೆರೆಯಲ್ಲಿ, ಅತ್ತೆ ನಮ್ಮ ಜೊತೆ. ಮೈದುನನ ಸಂಸಾರ ಹರಿಹರದಲ್ಲಿ. ಅವನ ಹೆಂಡತಿ ನನಗಿಂತ ಬಹಳ ಚಿಕ್ಕವಳು, ಮಾತು ಕಡಿಮೆ, ಬೆರಳು ಮಾತ್ರ ಸದಾ ಮೊಬೈಲಿನ ಮೇಲೆ. ಹಡಗಿನ ಸುದ್ದಿ ಬಂದದ್ದೇ ತಡ, ಹೋಗಿ ಬಂದವರು ಹಾಕಿದ ವಿಡಿಯೋಗಳನ್ನೆಲ್ಲ ಕೂತು ನೋಡಿದಳು. ದಿನಕ್ಕೊಂದು ಫೋನು. "ಅಕ್ಕ, ಮನೆ ತಿಂಡಿ ಒಳಗ ಬಿಡಂಗಿಲ್ಲಂತೆ." "ಅಕ್ಕ, ರೂಮಿನ ಕಾರ್ಡು ಯಾವಾಗ್ಲೂ ಕೊಳ್ಳಾಗೇ ಇರಬೇಕಂತೆ, ಹುಡುಗ್ರ ಹಳೇ ಕಾಲೇಜು ಕಾರ್ಡಿನ ದಾರ ಇದ್ರೆ ಎತ್ತಿಡ್ರಿ." ನಾನು ಹೂಂ ಹೂಂ ಅನ್ನುತ್ತಿದ್ದೆ. ಒಳಗೆ ಕುದಿಯುತ್ತಿದ್ದೆ.

ಒಂದು ಭಾನುವಾರ ಬಸ್ಸು ಹತ್ತಿ ಬಂದೇಬಿಟ್ಟಳು. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದಾಗ ಚೀಲದಿಂದ ಸಣ್ಣ ಸಣ್ಣ ಕೊಕ್ಕೆಗಳನ್ನು ತೆಗೆದಳು. ಹಿಂದೆ ಆಯಸ್ಕಾಂತ ಇರುವ ಕೊಕ್ಕೆಗಳು. ಹಡಗಿನ ರೂಮಿನ ಗೋಡೆ ಕಬ್ಬಿಣದ್ದಂತೆ, ಮೊಳೆ ಹೊಡೆಯುವ ಹಾಗಿಲ್ಲ, ಒದ್ದೆ ಟವೆಲು ಹಾಕಲು ಜಾಗ ಇರುವುದಿಲ್ಲ. ಟಪ್ ಅಂತ ಒಂದನ್ನು ನನ್ನ ಬೀರುವಿಗೆ ಅಂಟಿಸಿ ಅದಕ್ಕೆ ಅತ್ತೆಯ ಟವೆಲು ನೇತುಹಾಕಿ ತೋರಿಸಿದಳು. ಮಕ್ಕಳು ಓ ಅಂತ ಕೂಗಿದರು. ನಮ್ಮ ಮನೆಯವರು ಎದ್ದು ಬಂದು ಕೊಕ್ಕೆಯನ್ನು ಎಳೆದು ನೋಡಿ, "ಭಾರಿ ತಲಿ ಐತವ್ವ ನಿಂದು" ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ತಲೆಯ ಬಗ್ಗೆ ಆ ಮನುಷ್ಯ ತುಟಿ ಬಿಚ್ಚಿಲ್ಲ. ಅತ್ತೆ ಟವೆಲನ್ನು ಎರಡು ಸಲ ಮುಟ್ಟಿ ನೋಡಿದರು. ಅದನ್ನು ನೋಡಿ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು.

ಅವತ್ತೇ ತೀರ್ಮಾನ ಮಾಡಿದೆ. ಇವಳ ಕೊಕ್ಕೆ ಗೋಡೆಗೆ ತಾನೆ, ನಾನು ಹೊಟ್ಟೆಯ ಕಡೆಯಿಂದ ಬರುತ್ತೇನೆ. ಸಮುದ್ರದ ಮಧ್ಯೆ ಸಂಜೆ ಹೊತ್ತು ದಾವಣಗೆರೆಯ ಮಂಡಕ್ಕಿಗೆ ಈರುಳ್ಳಿ ಹೆಚ್ಚಿ, ಖಾರ, ಎಣ್ಣೆ ಹಾಕಿ ಕಲಸಿ ಕೊಟ್ಟರೆ ಕೊಕ್ಕೆಯನ್ನು ಯಾರು ಕೇಳುತ್ತಾರೆ? ಮನೆ ತಿಂಡಿ ಬಿಡುವುದಿಲ್ಲ ಅನ್ನುವುದನ್ನು ನಾನು ನಂಬಲೇ ಇಲ್ಲ. ನನ್ನ ಕೈ ಕಟ್ಟಲು ಹೂಡಿದ ಆಟ ಅಂದುಕೊಂಡೆ. ಮಂಡಕ್ಕಿ ಹುರಿಯುವ ಭಟ್ಟಿಗೆ ಹೋಗಿ ಗರಿಗರಿಯಾದದ್ದನ್ನೇ ತಂದೆ. ಕೈಚೀಲದಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಹುರಿಗಡಲೆ ಪುಡಿ, ಎಣ್ಣೆ ಶೀಸೆ, ಚಾಕು ತುಂಬಿದೆ. ಜಾಗ ಸಾಲಲಿಲ್ಲ. ಅರಿಸಿನ, ಪಿನ್ನು, ಹತ್ತಿ ಎಲ್ಲ ಹೊರಗೆ ಬಂದವು. ಯಾವಾಗಲೂ ಕೈಚೀಲದ ತಳದಲ್ಲೇ ಇರುತ್ತಿದ್ದ ಅತ್ತೆಯ ಪೂಜೆಯ ಡಬ್ಬಿಯನ್ನು, ಅಂದರೆ ವಿಭೂತಿ, ಪತ್ರೆ, ತಾಮ್ರದ ಸಣ್ಣ ತಂಬಿಗೆ ಇದ್ದ ಡಬ್ಬಿಯನ್ನು, ತೆಗೆದು ಅವುಗಳ ಜೊತೆ ದೊಡ್ಡ ಸೂಟ್‌ಕೇಸಿಗೆ ಹಾಕಿದೆ. ಲಿಂಗ ಹೇಗೂ ಅವರ ಕೊರಳಲ್ಲೇ ಇರುತ್ತದೆ. ಹಡಗಿನ ರೂಮಿಗೆ ಹೋದ ಮೇಲೆ ಡಬ್ಬಿ ತೆಗೆದುಕೊಟ್ಟರಾಯಿತು ಅಂದುಕೊಂಡೆ.

ಮಧ್ಯಾಹ್ನದ ರೈಲು. ನಾವು ದಾವಣಗೆರೆಯಲ್ಲಿ ಹತ್ತಿದೆವು, ಅವರು ಮುಂದಿನ ಹರಿಹರದಲ್ಲಿ ಹತ್ತುವವರು. ನಡುವಿನ ಆ ಸ್ವಲ್ಪ ಹೊತ್ತು ನನ್ನ ರಾಜ್ಯಭಾರ. ಅತ್ತೆ ಬೆವರು ಒರೆಸಿಕೊಳ್ಳಲು ಬಟ್ಟೆ ಕೇಳಿದರು, ಕೊಟ್ಟೆ. ಮಗ ಬಾಚಣಿಗೆ ಕೇಳಿದ, "ದೊಡ್ಡಾಕಿ ಚೀಲದಾಗ ಐತೆ ನೋಡು" ಅಂದರು ಅತ್ತೆ. ಬಾತಿ ಗುಡ್ಡ ದಾಟುವಾಗ ನನಗೆ ಎಷ್ಟು ಹಿತವಾಗಿತ್ತೆಂದರೆ, ಗಾಡಿ ಹರಿಹರದಲ್ಲಿ ನಿಲ್ಲದೆ ಹೋದರೆ ಹೇಗಿರುತ್ತದೆ ಅಂತ ಒಂದು ಗಳಿಗೆ ಯೋಚಿಸಿದೆ. ನಿಂತಿತು. ಅವಳು ಬೆನ್ನಿಗೊಂದು ಚೀಲ ಹಾಕಿಕೊಂಡು ಹತ್ತಿದಳು.

ಕೂತ ಸ್ವಲ್ಪ ಹೊತ್ತಿಗೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು. "ಅಕ್ಕ, ನಾಳೆ ಮಧ್ಯಾನಕ್ಕ ಬೇಕಾಗೋದೆಲ್ಲ ಕೈಚೀಲದಾಗ ಇಟ್ಕಂಡೀರೇನು? ದೊಡ್ಡ ಪೆಟಿಗಿ ಬಂದರಿನಾಗೇ ಇಸ್ಕಂತಾರಂತೆ. ರೂಮಿಗೆ ಬರೋದು ಸಂಜೀಕಂತೆ."

ಡಬ್ಬಿ ಕಣ್ಣ ಮುಂದೆ ಬಂತು. ಎದ್ದು ಸೂಟ್‌ಕೇಸು ತೆಗೆದು ಡಬ್ಬಿ ಎತ್ತಿಕೊಂಡಿದ್ದರೆ ಮುಗಿದಿತ್ತು. ಆದರೆ ಅವಳ ಮುಂದೆ, ಅವಳ ಮಾತು ಕೇಳಿ, ನಾನು ಪೆಟ್ಟಿಗೆ ಬಿಚ್ಚುವುದೇ? "ನನಗೇನು ಪ್ರಯಾಣ ಹೊಸದೇನು?" ಅಂದು ಕಿಟಕಿ ಕಡೆ ತಿರುಗಿದೆ.

ಬಂದರಿನಲ್ಲಿ ನಡೆದದ್ದನ್ನು ಹೇಳಲು ಈಗಲೂ ಸಿಟ್ಟು ಬರುತ್ತದೆ. ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಒಯ್ದರು. ಆಮೇಲೆ ಕೈಚೀಲದ ತಪಾಸಣೆ. ನನ್ನ ಚೀಲ ಮೇಜಿನ ಮೇಲೆ ಬೋರಲಾಯಿತು. ಈರುಳ್ಳಿ ಉರುಳಿಕೊಂಡು ಹಿಂದೆ ನಿಂತವರ ಕಾಲಿಗೆ ಹೋಯಿತು. ಚಾಕು ಎತ್ತಿಟ್ಟರು, ಎಣ್ಣೆ ಎತ್ತಿಟ್ಟರು, ಮಂಡಕ್ಕಿಯ ಗಂಟನ್ನು ಇಬ್ಬರು ಒತ್ತಿ ಒತ್ತಿ ನೋಡಿ ಅದನ್ನೂ ಪಕ್ಕಕ್ಕಿಟ್ಟರು. "ಇದು ಬರೀ ಅಕ್ಕಿ ಕಣ್ರೀ, ಗಾಳಿ ತುಂಬಿದ ಅಕ್ಕಿ" ಅಂತ ಕನ್ನಡದಲ್ಲೇ ಜಗಳಕ್ಕೆ ನಿಂತೆ. ಜಗಳ ಆಡುವಾಗ ಕೈಯಲ್ಲಿ ಚೀಲ ಅಡ್ಡಿಯಾಗುತ್ತಿತ್ತು. "ಕೊಡ್ರಿ ಅಕ್ಕ, ನಾ ಹಿಡ್ಕಂತೀನಿ" ಅಂದಳು ವಾರಗಿತ್ತಿ. ಕೊಟ್ಟೆ. ಮಂಡಕ್ಕಿ, ಈರುಳ್ಳಿ, ಮೆಣಸಿನಕಾಯಿ ಎಲ್ಲ ಕೊನೆಗೆ ಹೊರಗೆ ನಿಂತಿದ್ದ ಟ್ಯಾಕ್ಸಿಯವನ ಪಾಲಾಯಿತು.

ಒಂದು ಸಮಾಧಾನ ಸಿಕ್ಕಿತು. ಅವಳ ಚೀಲದಿಂದಲೂ ಒಂದು ವಸ್ತು ಕಿತ್ತುಕೊಂಡರು. ಎಲ್ಲರ ಮೊಬೈಲು ಒಟ್ಟಿಗೆ ಚಾರ್ಜ್ ಮಾಡಲು ತಂದಿದ್ದ ಎಕ್ಸ್‌ಟೆನ್ಷನ್ ಬೋರ್ಡು. ಹಡಗಿನಲ್ಲಿ ಅದು ನಿಷೇಧವಂತೆ. ಅವಳ ಮುಖ ಸಣ್ಣಗಾದದ್ದು ನೋಡಿ ನನಗಾದ ಸಂತೋಷವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಆ ಸಂತೋಷ ರೂಮು ಸೇರುವತನಕ ಮಾತ್ರ ಇತ್ತು. ಗೋಡೆ ನಿಜವಾಗಿಯೂ ಕಬ್ಬಿಣದ್ದು. ಟಪ್ ಟಪ್ ಅಂತ ಕೊಕ್ಕೆಗಳು ಕೂತವು. ಹುಡುಗರ ಕೊರಳಲ್ಲಿ ಕಾರ್ಡು, ಅವಳು ತಂದ ದಾರದಲ್ಲಿ. "ಚಿಕ್ಕಮ್ಮ, ಅದು ಕೊಡು. ಚಿಕ್ಕಮ್ಮ, ಇದು ಐತೇನು?" ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಕೇಳುತ್ತಿದ್ದ. ನಾನು ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡು ಹಾಸಿಗೆಯ ಅಂಚಿನಲ್ಲಿ ಕೂತೆ. ನನ್ನ ಚೀಲದಲ್ಲಿ ಅತ್ತೆಯ ಡಬ್ಬಿ ಇಲ್ಲ ಅಂತ ಗೊತ್ತಿದ್ದವರು ಇಡೀ ಹಡಗಿನಲ್ಲಿ ನಾನೊಬ್ಬಳೇ ಅಂತ ನನ್ನ ಎಣಿಕೆ.

ಆಗ ಅತ್ತೆ ಸ್ನಾನ ಮಾಡಿ, ತಮ್ಮ ಕೈಗಂಟಿನಲ್ಲಿದ್ದ ಮಡಿಸೀರೆ ಉಟ್ಟು ಹೊರಗೆ ಬಂದರು. ಬೆಳಿಗ್ಗೆಯಿಂದ ಅವರು ಹನಿ ನೀರು ಮುಟ್ಟಿರಲಿಲ್ಲ. ಲಿಂಗಪೂಜೆಯಾಗದೆ ಮುಟ್ಟುವವರೂ ಅಲ್ಲ. ಹಾಸಿಗೆಯ ಮೇಲೆ ಪದ್ಮಾಸನ ಹಾಕಿ ಕೂತು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು, ನನ್ನ ಕಡೆ ಇನ್ನೊಂದು ಕೈ ಚಾಚಿದರು. "ದೊಡ್ಡಾಕಿ, ವಿಭೂತಿ ತಾರವ್ವ."

ಎಲ್ಲರೂ ನೋಡುತ್ತಿದ್ದರು. ಊಟದ ಹಾಲಿಗೆ ಹೊರಡಲು ಅತ್ತೆಗಾಗಿಯೇ ಕಾಯುತ್ತಿದ್ದರು. ಸಂಜೆಯವರೆಗೆ ಈ ವಯಸ್ಸಿನ ಜೀವ ಉಪವಾಸ ಕೂರಬೇಕು, ನನ್ನ ಈರುಳ್ಳಿಯಿಂದಾಗಿ. ಹುಡುಕುವ ನಾಟಕವಾದರೂ ಆಡೋಣವೆಂದು ಚೀಲದೊಳಗೆ ಕೈ ಹಾಕಿದೆ.

ಕೈಗೆ ತಣ್ಣಗೆ ಒಂದು ಸ್ಟೀಲ್ ಡಬ್ಬಿ ತಗುಲಿತು.

ತೆಗೆದೆ. ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವರು ಕೊರೆದ ಹೆಸರು ನನ್ನ ಮೈದುನನದು. ಒಳಗೆ ವಿಭೂತಿ ಗಟ್ಟಿ, ಒಂದು ಸಣ್ಣ ಬಟ್ಟಲು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಪತ್ರೆ. ಹರಿಹರದ ಮನೆಯ ಹಿತ್ತಲ ಪತ್ರೆ, ಇನ್ನೂ ಹಸಿರಾಗಿತ್ತು. ಅತ್ತೆಯ ಕನ್ನಡಕವೂ ದೊಡ್ಡ ಪೆಟ್ಟಿಗೆಯಲ್ಲೇ ಇದ್ದದ್ದರಿಂದ ಮುಚ್ಚಳದ ಹೆಸರು ಅವರಿಗೆ ಕಾಣಲಿಲ್ಲ. ಪೂಜೆ ಮುಗಿಸಿ, ಹಣೆಗೆ ಮೂರೆಳೆ ವಿಭೂತಿ ಎಳೆದುಕೊಂಡು, ಎಲ್ಲರಿಗೂ ಕೇಳುವಂತೆ ಅಂದರು. "ನೋಡ್ರಿ, ದೊಡ್ಡಾಕಿ ಚೀಲದಾಗ ಇಲ್ದಿರೋದು ಏನೈತೆ? ಪತ್ರೆ ಸೈತ ಬಾಡಿಲ್ಲ."

"ಹೌದ್ರಿ ಅತ್ತೆ, ಅಕ್ಕ ಯಾವತ್ತೂ ಮರೆಯಂಗಿಲ್ಲ" ಅಂದಳು ಬಾಗಿಲ ಹತ್ತಿರ ನಿಂತಿದ್ದ ವಾರಗಿತ್ತಿ.

ಅದು ಕುಹಕವಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕುಹಕವಾಗಿರಲಿಲ್ಲ. ಅಲ್ಲಿಯವರೆಗೆ ನನಗೆ ಅವಳ ಕೊಕ್ಕೆಗಳ ಮೇಲೆ ಹೊಟ್ಟೆಕಿಚ್ಚಿತ್ತು. ಅವಳಂಥ ಮನಸ್ಸು ನನಗೆ ಯಾಕಿಲ್ಲ ಅನ್ನುವ ಹೊಟ್ಟೆಕಿಚ್ಚು ಅವತ್ತು ಶುರುವಾಯಿತು, ಅದು ಹಿಂದಿನದಕ್ಕಿಂತ ಕೆಟ್ಟದ್ದು.

ಎಲ್ಲರೂ ಊಟಕ್ಕೆ ಹೊರಟಾಗ ಓಣಿಯಂಥ ಆ ದಾರಿಯಲ್ಲಿ ಅವಳ ಮೊಣಕೈ ಹಿಡಿದು ನಿಲ್ಲಿಸಿದೆ. "ಬಂದರಿನಾಗ ನನ್ನ ಚೀಲ ಹಿಡ್ಕಂಡಾಗ ಹಾಕಿದಿ ಅಲ್ಲೇನು? ಯಾಕ ಹಿಂಗ ಮಾಡಿದಿ? ನೀನೇ ಕೊಟ್ಟಿದ್ರೆ ನಿನಗೇ ಹೆಸರು ಬರ್ತಿತ್ತಲ್ಲ."

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಅವ್ರು ನನ್ನ ಕೇಳಿದ್ರೆ ಕೊಡ್ತಿದ್ದೆ ಅಕ್ಕ. ಅವ್ರು ಕೇಳಿದ್ದು ನಿಮ್ಮನ್ನ. ಈ ಮನಿಗೆ ಬಂದಾಗಿಂದ ಅತ್ತೆ ನನ್ನ ಹತ್ರ ಒಂದು ಟಾಚಣಿ ಪಿನ್ನೂ ಕೇಳಿಲ್ಲ. ಈ ಕೊಕ್ಕೆ, ದಾರ, ಮಾತ್ರೆ ಇಷ್ಟೆಲ್ಲ ಯಾತಕ್ಕ ಹೊತ್ಕಂಡು ಬಂದೀನಿ ಅನ್ಕಂಡೀರಿ? ಒಂದ್ಸಲ ಕೇಳ್ಲಿ ಅಂತ."

ನಾನು ಅವಳನ್ನು ನೋಡಿ ಉರಿಯುತ್ತಿದ್ದಷ್ಟೂ ದಿನ ಅವಳು ನನ್ನನ್ನು ನೋಡಿ ಉರಿಯುತ್ತಿದ್ದಳು. ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಸಂಜೆಗೆ ಪೆಟ್ಟಿಗೆಗಳು ಬಂದವು. ಮೊದಲು ಮಾಡಿದ ಕೆಲಸ ನನ್ನ ಕೈಚೀಲ ತುಂಬಿದ್ದು. ಅರಿಸಿನ, ಪಿನ್ನು, ನಿಂಬೆಹಣ್ಣು, ಹತ್ತಿ, ಎಲ್ಲ. ಮೇಲಿನ ಅಂತಸ್ತಿಗೆ ಸಮುದ್ರ ನೋಡಲು ಹೋದೆವು. ಗಾಳಿ ಅಂದರೆ ಗಾಳಿ. ಅತ್ತೆ ಎರಡೂ ಕಿವಿ ಮುಚ್ಚಿಕೊಂಡು, "ದೊಡ್ಡಾಕಿ, ಕಿವಿಗೆ ಹತ್ತಿ ಕೊಡು" ಅಂದರು.

ನನ್ನ ಕೈ ಆಗಲೇ ಚೀಲದೊಳಗಿತ್ತು, ಹತ್ತಿಯ ಮೇಲೆ. ಎಡಕ್ಕೆ ವಾರಗಿತ್ತಿ ಕೂತಿದ್ದಳು, ಸಮುದ್ರದ ಕಡೆ ಮುಖ ಮಾಡಿ.

"ನನ್ನತ್ರ ಇಲ್ರಿ ಅತ್ತೆ" ಅಂದೆ. "ಚಿಕ್ಕಾಕಿನ ಕೇಳ್ರಿ."

ಅತ್ತೆ ನನ್ನ ಮುಖವನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ಆ ಕಡೆ ತಿರುಗಿ, "ನಿನ್ನತ್ರ ಐತೇನವ್ವ?" ಅಂದರು.

ಅವಳು ಗಡಬಡಿಸಿ ಎದ್ದಳು. ಬೆನ್ನಿನ ಚೀಲ ಇಳಿಸಿ ಒಂದೊಂದೇ ಖಾನೆ ತೆರೆದಳು. ಕೊಕ್ಕೆ, ದಾರ, ಕ್ಲಿಪ್ಪು, ಬ್ಯಾಟರಿ. ಹತ್ತಿ ಇರಲಿಲ್ಲ. ಪ್ರಪಂಚವನ್ನೆಲ್ಲ ತುಂಬಿಕೊಂಡು ಬಂದವಳು ಹತ್ತಿ ಮರೆತಿದ್ದಳು. ನಾನು ಸುಳ್ಳು ಹೇಳಿ ಅವಳನ್ನು ನಡುನೀರಿಗೆ ತಳ್ಳಿದ ಹಾಗಾಯಿತು. ಆದರೆ ಅವಳು ಮಾತ್ರೆಯ ಶೀಸೆಯೊಂದರ ಮುಚ್ಚಳ ತಿರುವಿ, ಅದರ ಬಾಯಿಗೆ ತುರುಕಿದ್ದ ಹತ್ತಿಯನ್ನು ಎಳೆದು ತೆಗೆದಳು. ಎರಡು ಪಾಲು ಮಾಡಿ, ಬೆರಳಲ್ಲಿ ಉಂಡೆ ಕಟ್ಟಿ, ಅತ್ತೆಯ ಕಿವಿಗಳಿಗೆ ತಾನೇ ಇಟ್ಟಳು.

ಅತ್ತೆ ತಲೆ ಅಲ್ಲಾಡಿಸಿ ನೋಡಿಕೊಂಡರು. ಕಿವಿ ಮುಚ್ಚಿದ್ದರಿಂದ ದನಿ ಜೋರಾಗಿಯೇ ಬಂತು. "ಇನ್ನ ಮ್ಯಾಲೆ ದೊಡ್ಡಾಕಿ ಹತ್ರ ಇಲ್ದಿದ್ರೆ ಚಿಂತಿ ಇಲ್ಲ, ಚಿಕ್ಕಾಕಿ ಚೀಲದಾಗ ಐತೆ ನೋಡು!" ಮಕ್ಕಳೆಲ್ಲ ನಕ್ಕರು. ವಾರಗಿತ್ತಿ ಕಣ್ಣು ಒರೆಸಿಕೊಂಡಳು, ಗಾಳಿ ಅಂದಳು.

ನನ್ನ ಮಾತು ಅದು. ನಾನೇ ಎತ್ತಿ ಕೊಟ್ಟದ್ದು, ನಿಜ. ಆದರೂ ಅವಳ ಹೆಸರಿನ ಜೊತೆ ಅದನ್ನು ಕೇಳಿದಾಗ ಹೊಟ್ಟೆ ಧಗಧಗ ಉರಿಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಯಾರಿಗೂ ಕಾಣದ ಹಾಗೆ, ನನ್ನ ಮುಷ್ಟಿಯಲ್ಲಿದ್ದ ಹತ್ತಿಯನ್ನು ನನ್ನ ಕಿವಿಗಳಿಗೇ ತುರುಕಿಕೊಂಡೆ. ಗಾಳಿಯ ಸದ್ದು ನಿಂತಿತು. ಅತ್ತೆ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದದ್ದು ಮಾತ್ರ ಕೇಳಿಸುತ್ತಲೇ ಇತ್ತು.