ಅಟ್ಟಕ್ಕೆ ಹಾಕಿದ ನೇರಳೆ ದೀಪ

ಅತ್ತೆ ಅಟ್ಟದಲ್ಲಿ ಟಾರ್ಚ್ ಬಿಟ್ಟಾಗ, ನನ್ನ ಮೆಣಸಿನಕಾಯಿ ಗಿಡದ ಕುಂಡಗಳ ಕೆಳಗಿದ್ದ ತೆಂಗಿನಕಾಯಿಗಳೆಲ್ಲ ಬೂಷ್ಟು ಹಿಡಿದಿದ್ದವು. ಕೊಬ್ಬರಿಯಾಗಲೆಂದು ಮಾವ ಹತ್ತು ತಿಂಗಳಿಂದ ಹನಿ ನೀರು ಸೋಕಿಸದೆ ಇಟ್ಟಿದ್ದ ಕಾಯಿಗಳವು. ಅಂಗಳಕ್ಕೆಲ್ಲ ತೆಂಗಿನ ನೆರಳೆಂದು ನಾನು ಗಿಡಗಳನ್ನು ಅಟ್ಟದಲ್ಲಿ ಹಲಗೆ ಮೇಲಿಟ್ಟು, ಬಿಸಿಲಿನ ಬದಲು ಗಿಡ ಬೆಳೆಸುವ ದೀಪ ಹಾಕಿದ್ದೆ. ಅಂಗಡಿಯವರು, "ಬಿಳಿ ಲೈಟ್ ತಗಳಿ ಅಕ್ಕ, ಬುಡ ಚೆನ್ನಾಗ್ ಕಾಣ್ತದೆ" ಅಂದರೂ, ಮೊಬೈಲಿನಲ್ಲಿ ನೋಡಿದ್ದ ನೇರಳೆ ದೀಪವೇ ಬೇಕೆಂದಿದ್ದೆ. ಆ ಬೆಳಕಿನಲ್ಲಿ ಕುಂಡದಿಂದ ಸೋರಿದ ನೀರು ಕಂಡೇ ಇರಲಿಲ್ಲ.

ಮಂಡಿನೋವಿನ ಮಾವ ಕೆಳಗಿನಿಂದಲೇ ಏನಾಯಿತೆಂದು ಕೇಳಿದರು.

"ನಾನೇ ನೀರು ಚೆಲ್ಬುಟ್ಟೆ ಕಣ್ರೀ" ಅಂದರು ಅತ್ತೆ.

"ಇಷ್ಟು ವರ್ಷ ಅಟ್ಟ ನೋಡ್ಕಂಡೋಳಿಗೆ ಈಗ ಬುದ್ಧಿ ಎಲ್ಲೋಯ್ತೇ?"

ನಾನು ಕುಂಡಗಳನ್ನು ಪಕ್ಕಕ್ಕೆ ಸರಿಸತೊಡಗಿದೆ.

ಗಿಡಗಳೀಗ ನಡುಮನೆಯಲ್ಲಿ ಬಿಳಿ ದೀಪದ ಕೆಳಗಿವೆ. ಮೊನ್ನೆ ಮೆಣಸಿನಕಾಯಿ ಚಟ್ನಿ ತಿಂದು ಮಾವ ನನ್ನನ್ನು ಹೊಗಳಿದರು. ನೀರು ಸೋರಿದ್ದು ನನ್ನ ಕುಂಡಗಳಿಂದ ಎಂದು ಎದುರಿಗೆ ಹೇಳಲಾರದೆ, ಅವರು ದಿನಾ ಓದುವ ಈ ಪತ್ರಿಕೆಗೆ ಬರೆದಿದ್ದೇನೆ.