ಲಗ್ನಪತ್ರಿಕೆಯ ಗಾದೆಗಳು

ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಒಣಗಿದ ಮೈದಾ ಅಂಟಿನ ವಾಸನೆ ಬಂತು. ಅದರ ಹಿಂದೆಯೇ ಲಗ್ನಪತ್ರಿಕೆಯ ಮೂಲೆಗೆ ಹಚ್ಚುವ ಅರಿಸಿನದ ಸಣ್ಣ ಘಾಟು. ಅಷ್ಟೇ ಸಾಕಾಯಿತು. ಕುಕ್ ಟೌನಿನ ಸರೋಜಾ ಮಿಸ್ಸಿನ ಮನೆ, ಅದರ ಕೆಂಪು ನೆಲ, ಜಗಲಿಯ ಬೆತ್ತದ ಕುರ್ಚಿಗಳು, ಶನಿವಾರ ಮಧ್ಯಾಹ್ನ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಲ್ಲಿ ಬಂದು ಕೂರುತ್ತಿದ್ದ ಅವ್ವ, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿದವು. ಆ ಮನೆ ಈಗಿಲ್ಲ. ಅಲ್ಲೀಗ ಗಾಜಿನ ಗೋಡೆಯ ಕಾಫಿ ಅಂಗಡಿ, ಒಳಗೆ ಕೂತವರು ಇಂಗ್ಲಿಷಿನಲ್ಲೇ ನಗುತ್ತಾರೆ. ಅದರ ಮುಂದೆ ಹಾದುಹೋಗುವಾಗ ಇವತ್ತಿಗೂ ನನ್ನ ತಲೆ ತಾನಾಗಿ ತಗ್ಗುತ್ತದೆ.

ನಾವು ಯಾದಗಿರಿ ಕಡೆಯಿಂದ ಬಂದವರು. ಹಲಸೂರಿನ ವಠಾರವೊಂದರಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅವ್ವ ಮಿಸ್ಸಿನ ಮನೆಯಲ್ಲಿ ಕಸ ಮುಸುರೆ ಮಾಡುತ್ತಿದ್ದಳು. ಮಿಸ್ ರಿಟೈರಾದ ಇಂಗ್ಲಿಷ್ ಟೀಚರು, ಪಾಠ ಹೇಳದೆ ಬದುಕಿರಲಾರದ ಜೀವ. ಶಾಲೆ ತಪ್ಪಿದ ಮೇಲೆ ನಾವೇ ಸಿಕ್ಕಿದೆವು: ಅವ್ವ, ಶಿವಾಜಿನಗರದಿಂದ ಬಟ್ಟೆ ಹೊಲಿದುಕೊಡಲು ಬರುತ್ತಿದ್ದ ನಸೀಮಾ ಆಂಟಿ, ಜೊತೆಗೆ ನಾನು. ನಮ್ಮನ್ನು ಕೂರಿಸಿಕೊಂಡು ಇಂಗ್ಲಿಷ್ ಗಾದೆಗಳ ಆಟ ಆಡಿಸುತ್ತಿದ್ದರು. ಹಳೆಯ ವಿದ್ಯಾರ್ಥಿಗಳ ಲಗ್ನಪತ್ರಿಕೆಗಳನ್ನು ಅವರು ಎಸೆಯುತ್ತಿರಲಿಲ್ಲ. ಗಣಪತಿ ಇರುವ ಕಾಗದವನ್ನು ಕಸಕ್ಕೆ ಹಾಕುವುದು ಹೇಗೆ? ಪ್ರತಿಯೊಂದನ್ನೂ ನಡುವೆ ಕತ್ತರಿಸಿ, ಖಾಲಿ ಮಗ್ಗುಲಲ್ಲಿ ಗಾದೆಯ ಮೊದಲರ್ಧವನ್ನು ಒಂದು ತುಂಡಿಗೆ, ಉಳಿದರ್ಧವನ್ನು ಇನ್ನೊಂದಕ್ಕೆ ಬರೆದಿದ್ದರು. ಮೊದಲರ್ಧಗಳು ಅವರ ಕೈಯಲ್ಲಿ, ಉಳಿದವು ನಮಗೆ ಹಂಚಿಕೆ. ಚೀಟಿಯನ್ನು ಕಣ್ಣೆದುರು ಹಿಡಿದು "ಎ ಸ್ಟಿಚ್ ಇನ್ ಟೈಮ್" ಎಂದು ಅವರು ಓದಿದರೆ, "ಸೇವ್ಸ್ ನೈನ್" ಇದ್ದವರು ಅದನ್ನು ಹಾಕಬೇಕು. ಕೈ ಮೊದಲು ಖಾಲಿಯಾದವರು ಗೆದ್ದಂತೆ. ನಾನು ಅಕ್ಷರ ಕೂಡಿಸಿಕೊಂಡು ಓದುವಷ್ಟರಲ್ಲಿ ಅವ್ವನ ಚೀಟಿ ಬಿದ್ದಿರುತ್ತಿತ್ತು. ಊರಲ್ಲಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಹೆಂಗಸು ಇಂಗ್ಲಿಷ್ ಶಾಲೆಯ ಮಗಳನ್ನು ಸೋಲಿಸುತ್ತಿದ್ದಳು. ಮಿಸ್ ಮತ್ತು ನಸೀಮಾ ಆಂಟಿ ಚಪ್ಪಾಳೆ ತಟ್ಟಿದರೆ ನನಗೆ ಕೋಡು ಮೂಡುತ್ತಿತ್ತು.

ಹತ್ತಿರದ ನರ್ಸರಿ ಶಾಲೆಯೊಂದರಲ್ಲಿ ಮಕ್ಕಳನ್ನು ನೋಡಿಕೊಂಡು ಸಣ್ಣಪುಟ್ಟ ಇಂಗ್ಲಿಷ್ ಓದಿಸುವ ಕೆಲಸ ಖಾಲಿಯಾದಾಗ ಮಿಸ್ ತಾವೇ ಅವ್ವನ ಹೆಸರು ಹೇಳಿದರು. ಕಂಡವರ ಮನೆಯ ಮುಸುರೆ ತಪ್ಪುತ್ತದೆ ಎಂಬ ಆಸೆಯಲ್ಲಿ ಅವ್ವ ಇದ್ದೊಂದು ಇಳಕಲ್ ಸೀರೆಗೆ ಇಸ್ತ್ರಿ ಮಾಡಿಸಿದಳು. ನಾನೂ ಬೆನ್ನುಹತ್ತಿ ಹೋದೆ. "ನಮ್ಮ ಶರಣಮ್ಮನ ಜೊತೆ ಗಾದೆ ಆಟ ಆಡಿ ನೋಡಿ, ನೀವೇ ಸೋತ್ಹೋಗ್ತೀರ," ಎಂದು ಮಿಸ್ ಹೆಡ್ ಮೇಡಂಗೆ ಹೇಳಿದರು. ಡಬ್ಬಿ ತಂದಿರಲಿಲ್ಲ. ಮೇಡಂ ನಗುತ್ತಲೇ ಬಿಳಿ ಹಾಳೆ ಹರಿದು ನಾಲ್ಕಾರು ಚೀಟಿ ಬರೆದು ಹರಡಿದರು, ಒಂದನ್ನು ಎತ್ತಿ ಓದಿದರು. ಅವ್ವ ಅವರ ಕೈಯಲ್ಲಿದ್ದ ಚೀಟಿಯ ಬೆನ್ನು ನೋಡಿದಳು. ಮುಂದಿದ್ದ ಒಂದು ಚೀಟಿ ಎತ್ತಿ ತಿರುಗಿಸಿದಳು. ಇನ್ನೊಂದನ್ನು ತಿರುಗಿಸಿದಳು. ಹಿಂದೆ ಬರೀ ಬಿಳಿ. ಇಷ್ಟು ದಿನ ಅವ್ವ ಗಾದೆ ಓದಿರಲಿಲ್ಲ, ಚೀಟಿಗಳ ಹಿಂದೆ ಅರ್ಧರ್ಧವಾಗಿದ್ದ ಗಣಪತಿಯ ಸೊಂಡಿಲಿಗೆ ಹೊಟ್ಟೆ ಜೋಡಿಸಿದ್ದಳು ಎಂದು ನನಗೂ ಮಿಸ್ಸಿಗೂ ಆಗಲೇ ಹೊಳೆಯಿತು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಮೇಡಂ ಒಳ್ಳೆಯವರು, ನೀರು ತರಿಸಿದರು. ಆ ನೀರನ್ನು ಅವ್ವ ಪೂರ್ತಿ ಕುಡಿದದ್ದು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮರುದಿನದಿಂದ ಅವ್ವ ಮಿಸ್ಸಿನ ಮನೆಯ ಕೆಲಸ ಬಿಟ್ಟಳು. ಮಿಸ್ಸೇ ಹುಡುಕಿಕೊಂಡು ವಠಾರಕ್ಕೆ ಬಂದು, ಮಂಡಿನೋವಿನಲ್ಲೂ ಚಾಪೆಯ ಮೇಲೆ ಕೂತರು.

"ಮೊದಲಿಗೆ ಚಿತ್ರ ಕೂಡಸೂದೇ ಆಟ ಅಂತ ತಿಳ್ಕೊಂಡಿದ್ದೆರಿ," ಅವ್ವ ಗೋಡೆ ನೋಡುತ್ತ ಹೇಳಿದಳು. "ಆಮ್ಯಾಲ ಗೊತ್ತಾತು. ಆದ್ರ ನನಗ ಅಲ್ಲೀತನ ಯಾರೂ ಚಪ್ಪಾಳಿ ತಟ್ಟಿರಲಿಲ್ಲರಿ. ಬಿಡಾಕ ಮನಸ್ಸಾಗಲಿಲ್ಲ."

"ಒಂದ್ಸಲಾನೂ ನಿನ್ ಕೈಲಿ ಓದಿಸ್ಲಿಲ್ವಲ್ಲ ನಾನು. ನಾಚಿಕೆ ಆಗ್ಬೇಕಾಗಿರೋದು ನನಗೆ, ಶರಣಮ್ಮ," ಎಂದರು ಮಿಸ್. "ಶನಿವಾರ ಬಾ. ಮೊದಲಿಂದ ಶುರು ಮಾಡೋಣ."

ಅವ್ವ ಹೂಂ ಎಂದಳು. ಹೋಗಲಿಲ್ಲ. ಆ ಶನಿವಾರ ಮಧ್ಯಾಹ್ನವೆಲ್ಲ ಒಗೆದಿದ್ದ ಬಟ್ಟೆಗಳನ್ನೇ ಮತ್ತೆ ಒಗೆದಳು.

ಮೊನ್ನೆ ಈ ಡಬ್ಬಿಯನ್ನು ತಂದುಕೊಟ್ಟವರು ನಸೀಮಾ ಆಂಟಿ. ಮಿಸ್ ತೀರಿಕೊಳ್ಳುವ ಮುಂಚೆ ಅವರ ಕೈಗಿಟ್ಟು, ಶರಣಮ್ಮನಿಗೆ ತಲುಪಿಸು ಎಂದಿದ್ದರಂತೆ. ನಾನು ಒಂದೊಂದೇ ಚೀಟಿ ತಿರುಗಿಸಿ ನೋಡಿದೆ. ಶಾಲೆಯ ಪುಸ್ತಕಕ್ಕೆ ಹಾಕುವ ಕಂದು ಕಾಗದವನ್ನು ಅಂಟಿಸಿ ಮಿಸ್ ಗಣಪತಿಗಳನ್ನೆಲ್ಲ ಮುಚ್ಚಿದ್ದರು. ಅಂಚುಗಳನ್ನು ಎಷ್ಟು ಒಪ್ಪವಾಗಿ ಕತ್ತರಿಸಿದ್ದರೆಂದರೆ ಆ ಶನಿವಾರದ ಆಟಕ್ಕೇ ಸಿದ್ಧ ಮಾಡಿದಂತಿತ್ತು. ಒಂದು ಜೋಡಿಯನ್ನು ಮಾತ್ರ ಮುಚ್ಚದೆ ಹಾಗೇ ಬಿಟ್ಟಿದ್ದರು. ಅವ್ವ ಆ ಎರಡು ತುಂಡನ್ನೂ ಎತ್ತಿಕೊಂಡು ಚಾಪೆಯ ಮೇಲೆ ಕೂಡಿಸಿಟ್ಟಳು.

"ಒಂದಾದ್ರೂ ನಾ ಗೆಲ್ಲಲಿ ಅಂತ ಬಿಟ್ಟಾರ," ಎಂದಳು. ಆಮೇಲೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು, "ಆ ಶನಿವಾರ ಹೋಗಬೇಕಿತ್ತವ್ವ," ಎಂದಳು.