ರಾಜಮತಿ ಕೊಟ್ಟ ಎರಡು ಹೇಳಿಕೆ

ಮಂಗಸೂಳಿ ದಾಟಿ ಕಾಗವಾಡದ ಕಡೆ ಹೋಗುವ ರಸ್ತೆಯ ಮೇಲಿನ ಊರಲ್ಲಿ ರಾಜಮತಿಯ ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಅವಳೊಬ್ಬಳೇ ನಡೆಸಿಕೊಂಡು ಬಂದಿದ್ದಳು. ಸವೆದ ಕಲ್ಲಿಗೆ ಉಳಿ ಹೊಡೆಯುವುದು, ಹರಿದ ಪಟ್ಟಾ ಬದಲಿಸುವುದು, ಎಲ್ಲ ಅವಳೇ. ರಾಜಮತಿ ಸುಳ್ಳು ಹೇಳುವವಳಲ್ಲ ಎಂಬ ಮಾತು ಊರಲ್ಲಿತ್ತು. ಆ ಮಾತೇ ಅವಳಿಗೆ ಉರುಳಾಯಿತು.

ಕಳೆದ ವರ್ಷ ಸಂಕ್ರಮಣ ಕಳೆದ ವಾರ, ಸರ್ಕಲ್‌ನಲ್ಲಿ ಯಾರ ಧ್ವಜದ ಕಂಬ ನಿಲ್ಲಬೇಕೆಂದು ಎರಡು ಗುಂಪಿನ ಹುಡುಗರು ಬಡಿದಾಡಿದರು. ಕಲ್ಲು ತೂರಿದರು, ಎರಡು ಬೈಕ್ ಸುಟ್ಟರು. ಪೊಲೀಸರು ಲಾಠಿ ಬೀಸಿದ ಮೇಲೆ, ಮಧ್ಯಾಹ್ನ ಮೂರರ ಸುಮಾರಿಗೆ ಎಲ್ಲ ತಣ್ಣಗಾಯಿತು. ಆಗ ಎಎಸ್ಐ ವಿರುಪಾಕ್ಷಪ್ಪ ಹೆಲ್ಮೆಟ್ ಕೈಯಲ್ಲಿ ಹಿಡಿದು ಒಬ್ಬರೇ ಗಿರಣಿಗೆ ಬಂದರು. ಜೋಳ ಬೀಸಿಸಲು ಬರುತ್ತಿದ್ದ ಪರಿಚಯದ ಮನುಷ್ಯ. ಮೈಯೆಲ್ಲ ಬೆವರು; ಗಾಯವೇನೂ ಇರಲಿಲ್ಲ.

“ಅಕ್ಕಾರ, ಒಂದೀಟು ನೀರ ಕೊಡ್ರಿ.”

ನೀರು ಕುಡಿದು ಚೀಲದ ಮೇಲೆ ಕುಳಿತರು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಮತ್ತೆ ಕೂಗಾಟ ಎದ್ದಿತು. ರಾಜಮತಿ ಹೆದರಿ ಶಟರ್ ಎಳೆದು ಒಳಗಿನಿಂದ ಕೊಂಡಿ ಹಾಕಿದಳು. ವಿರುಪಾಕ್ಷಪ್ಪ ಎದೆಯ ಮೇಲೆ ಅಂಗೈ ಒತ್ತಿಕೊಂಡರು.

“ಶಟರ್ ತಗೀರಿ ಅಕ್ಕಾರ. ಎದಿ ಹಿಡದೈತಿ. ದವಾಖಾನಿಗೆ ಹೋಗಬೇಕು.”

“ತಡೀರಿ ಸಾಹೇಬ್ರ, ಮಂದಿ ಹೋಗ್ಲಿ. ಖಾಕಿ ಕಂಡ್ರ ಬಿಡಾಂಗಿಲ್ಲ ಅವ್ರು.”

ಜನ ಓಡಿಹೋದರು. ಓಣಿ ನಿಶ್ಶಬ್ದವಾಯಿತು. ಆದರೂ ಅವಳ ಕೈ ಕೊಂಡಿಯ ಹತ್ತಿರ ಹೋಗಲಿಲ್ಲ. ಮತ್ತೆ ಬಂದರೆ? ಗಿರಣಿಗೆ ಬೆಂಕಿ ಹಚ್ಚಿದರೆ? ವಿರುಪಾಕ್ಷಪ್ಪ ಇನ್ನೆರಡು ಸಲ ಕೇಳಿದರು. ಕೊನೆಯ ಸಲ ಕೇಳುವಾಗ ದನಿಯೇ ಇರಲಿಲ್ಲ. ಆಮೇಲೆ ಮುಂದಕ್ಕೆ ಬಾಗಿ ಬಿದ್ದರು. ತೂಕದ ಕಾಟಾದ ಅಂಚು ಹಣೆಗೆ ಬಡಿದು ರಕ್ತ ಸುರಿಯಿತು. ಆಗ ಶಟರ್ ಎತ್ತಿ ಕಿರುಚಿಕೊಂಡಳು. ಪೊಲೀಸರು ಬಂದು ಜೀಪಿಗೆ ಹಾಕಿಕೊಂಡು ಹೋಗುವಷ್ಟರಲ್ಲಿ ಜೀವ ಹೋಗಿತ್ತು.

ಸಂಜೆ ತನಿಖೆಯ ಅಧಿಕಾರಿ ಕೇಳಿದರು, “ಹಣಿಗೆ ರಕ್ತ ಇತ್ತಲ್ರಿ?”

“ಹೂಂನ್ರಿ.”

“ಕಲ್ಲ ಬಿದ್ದಿತ್ತು, ಹಂಗ ಒಳಗ ಬಂದ್ರು. ಹೌದಿಲ್ಲ?”

ಶಟರ್ ಯಾಕೆ ತೆಗೆಯಲಿಲ್ಲ ಎಂದು ಕೇಳದಿದ್ದರೆ ಸಾಕು ಎಂದು ಅವಳ ಜೀವ ಬಡಿದುಕೊಳ್ಳುತ್ತಿತ್ತು. ತಲೆ ಆಡಿಸಿ ಸಹಿ ಮಾಡಿದಳು.

ಮರುದಿನ ಕೊಲೆ ಕೇಸಿನಲ್ಲಿ ಹನ್ನೊಂದು ಹುಡುಗರನ್ನು ಹಿಡಿದರು. ಅವರಲ್ಲಿ ಪಕ್ಕದ ಮನೆಯ ಅಕ್ಕುತಾಯಿಯ ಮಗ ಲಖನನೂ ಇದ್ದ. ಪೊಲೀಸರು ಕಲ್ಲೇಟು ಎಂದರು. ಹುಡುಗರ ಕಡೆಯವರು, ಗದ್ದಲದಲ್ಲಿ ಪೊಲೀಸರದೇ ಲಾಠಿ ಬಿದ್ದಿದೆ ಎಂದರು. ರಾಜಮತಿ ನೀರಿನಲ್ಲಿ ಏನೋ ಹಾಕಿ ಕೊಟ್ಟಳೆಂದು ಮೂರನೆಯ ಮಾತೂ ಹುಟ್ಟಿತು. ಶವ ಪರೀಕ್ಷೆಯ ವರದಿಯಲ್ಲಿ ಹಣೆಯ ಗಾಯವೂ ಇತ್ತು, ಹೃದಯದ ತೊಂದರೆಯೂ ಇತ್ತು. ಅವರವರಿಗೆ ಬೇಕಾದ ಸಾಲನ್ನು ಅವರವರು ಓದಿಕೊಂಡರು.

ಅಕ್ಕುತಾಯಿ ದಿನಾ ಗಿರಣಿಯ ಮೆಟ್ಟಿಲಿಗೆ ಬಂದು ಕೂರುತ್ತಿದ್ದಳು. ಬೈಯಲಿಲ್ಲ, ಅಳಲೂ ಇಲ್ಲ.

“ರಾಜಕ್ಕಾ, ನೀ ಒಳಗ ಇದ್ದಿ. ಖರೇ ಏನೈತಿ ಅದನ್ನ ಹೇಳ. ನನ್ನ ಮಗಾ ಕಲ್ಲ ಒಗದಿದ್ರ ಅವಾ ಜೇಲಿನ್ಯಾಗ ಕೊಳೀಲಿ.”

ಒಂದು ದಿನ ವಿರುಪಾಕ್ಷಪ್ಪನವರ ಹೆಂಡತಿ ಶಿವಗಂಗವ್ವ ರಾಯಬಾಗದಿಂದ ಬಂದಳು. ಕರ್ತವ್ಯದ ಮೇಲೆ ಕೊಲೆಯಾದರೆಂದು ತೀರ್ಮಾನವಾದರೆ ಮನೆಯವರಿಗೆ ಸರ್ಕಾರದಿಂದ ದೊಡ್ಡ ಪರಿಹಾರ ಸಿಗುವ ಮಾತಿತ್ತು. ಅವಳು ಕೇಳಿದ್ದು ಅದನ್ನಲ್ಲ.

“ಕಡೀಕ ಏನರ ಅಂದ್ರೇನ್ರಿ?”

“ಇಲ್ರಿ ಅಕ್ಕಾರ. ಬಂದ ಗಳಿಗ್ಯಾಗ ಬಿದ್ಬಿಟ್ರು.”

“ತ್ರಾಸ ಆಗಲಿಲ್ಲ ಅನ್ರಿ,” ಎಂದು ಶಿವಗಂಗವ್ವ ಅವಳ ಕೈ ಹಿಡಿದುಕೊಂಡಳು. ಅಂದಿನಿಂದ ರಾಜಮತಿಗೆ ಒಂದೇ ಯೋಚನೆ. ಒಬ್ಬ ತಾಯಿಗೆ ನ್ಯಾಯ ಕೊಟ್ಟರೆ ಇನ್ನೊಬ್ಬ ತಾಯಿಯ ತುತ್ತು ಹೋಗುತ್ತದೆ. ಇಬ್ಬರಿಗೂ ಅಡ್ಡ ನಿಂತಿರುವುದು ತನ್ನ ಹೆದರಿಕೆ.

ಹತ್ತು ತಿಂಗಳ ಮೇಲೆ ಚಿಕ್ಕೋಡಿಯ ಕೋರ್ಟಿನಲ್ಲಿ ಕಟಕಟೆ ಹತ್ತಿದಳು. ಸರ್ಕಾರಿ ವಕೀಲರು ಹಳೆಯ ಹೇಳಿಕೆ ಓದಿ, ಇದು ನಿಮ್ಮದೇ ತಾನೇ ಎಂದರು.

“ಸಹಿ ನಂದ್ರಿ. ಮಾತ ನಂದಲ್ಲ,” ಎಂದಳು. ಆಮೇಲೆ ಒಂದನ್ನೂ ಬಿಡದೆ ಹೇಳಿದಳು: ಎದೆನೋವು, ಕೊಂಡಿ, ಕಾಟಾ. “ಮೂರ ಸಲ ತಗೀ ಅಂದ್ರು. ನಾ ತಗೀಲಿಲ್ಲ.”

ಸಾಕ್ಷಿ ತಿರುಗಿಬಿದ್ದಿದ್ದಾಳೆ, ಊರವರು ಹೆದರಿಸಿದ್ದಾರೆ ಎಂದು ವಕೀಲರು ಗುಡುಗಿದರು. ಎಲ್ಲ ಕೇಳಿಸಿಕೊಂಡ ಶಿವಗಂಗವ್ವ ಹೊರಗೆ ವರಾಂಡದಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು.

“ಎದಿ ಹಿಡದ ಮ್ಯಾಲ ಎಷ್ಟೊತ್ತು ಇದ್ರು?”

“ಅರ್ಧಾ ತಾಸ.”

ಶಿವಗಂಗವ್ವ ಅವಳ ಮುಖವನ್ನೇ ನೋಡಿದಳು. ಬಾಯಿಗೆ ಸೆರಗು ಒತ್ತಿ ಹಿಡಿದು ಮೆಟ್ಟಿಲಿಳಿದು ಹೋದಳು.

ಲಖನನಿಗೆ ಜಾಮೀನು ಸಿಕ್ಕಿದೆ. ಕೇಸು ಮಾತ್ರ ಮುಗಿದಿಲ್ಲ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ರಾಜಮತಿಯ ಮೇಲೆ ಕ್ರಮ ಯಾಕೆ ಆಗಬಾರದೆಂದು ನೋಟೀಸು ಬಂದಿದೆ. ಎರಡರಲ್ಲಿ ಯಾವುದು ಸುಳ್ಳು ಎಂಬುದನ್ನು ಕೋರ್ಟು ಇನ್ನೂ ಹೇಳಿಲ್ಲ. ಅಕ್ಕುತಾಯಿ ಬೀಸಿಸಲು ಬರುತ್ತಾಳೆ, ಆದರೆ ಮೊದಲಿನಂತೆ ಕೂತು ಮಾತಾಡುವುದಿಲ್ಲ.

ಸಾಂಗ್ಲಿಗೆ ಕೊಟ್ಟ ಮಗಳು ಸ್ನೇಹಲ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ.

“ಆಯಿ, ಗಿರಣಿ ಮಾರಿ ಇಲ್ಲೇ ಬಂದ್ಬಿಡ.”

“ಕೋರ್ಟಿನ ತಾರೀಖ ಅದಾವ ಮಗಳ,” ಎನ್ನುತ್ತಾಳೆ ರಾಜಮತಿ. “ಊರ ಬಿಟ್ಟ ಹೋಗಬ್ಯಾಡ ಅಂದಾರ.”